ಬರಪೀಡಿತ ತಾಲ್ಲೂಕಿನ ಸೋರುವ ಚಾವಣಿ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಕೂಡ್ಲಿಗಿ ತಾಲ್ಲೂಕು ಅದರಲ್ಲಿ ಇಲ್ಲದಿದ್ದರೆ ಪಟ್ಟಿಗೇ ಅವಮಾನ. ಇತ್ತು.

ಆ ವರ್ಷ ಬಂದದ್ದೇ ನಾಲ್ಕು ಮಳೆ. ನಾಲ್ಕೂ ಸರ್ಕಾರಿ ಶಾಲೆಯೊಳಗೇ ಬಿದ್ದವು.

ಸಜ್ಜೆಗೆ ಸಾಲದ ಮಳೆ, ಶೇಂಗಾಕ್ಕೆ ಸಾಲದ ಮಳೆ, ಸರ್ಕಾರಿ ಚಾವಣಿ ಸೋರುವುದಕ್ಕೆ ಮಾತ್ರ ಧಾರಾಳ ಸಾಕು. ಊರಿನ ಕೊಳವೆಬಾವಿಯಲ್ಲಿ ಸಿಗದ ನೀರು ಏಳನೇ ತರಗತಿಯ ಮೂಲೆಯಲ್ಲಿ ಸಿಗುತ್ತದೆ. ಇದನ್ನು ಸಾಧನೆ ಎನ್ನದೆ ಇನ್ನೇನೆನ್ನಬೇಕು?

ಸೋರುವುದರಲ್ಲಿ ದೊಡ್ಡ ವಿಜ್ಞಾನವಿಲ್ಲ. ಮೇಲೆ ಎಲೆ, ಕಸ ತುಂಬಿ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲುತ್ತದೆ. ಬಿರುಕಿನಲ್ಲಿ ಇಳಿದು ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒದ್ದು ಬೀಳಿಸುತ್ತದೆ. ಮೊದಲು ಪುಡಿ, ಆಮೇಲೆ ಚಕ್ಕೆ, ಕೊನೆಗೆ ರೊಟ್ಟಿ ಅಗಲದ ತುಂಡು. ತುಂಡು ನೆಲಕ್ಕೆ ಬಿದ್ದರೆ ಸಾಮಾನ್ಯ ದುರಸ್ತಿ. ತಲೆಗೆ ಬಿದ್ದರೆ ತುರ್ತು ದುರಸ್ತಿ. ವರ್ಷಕ್ಕೊಮ್ಮೆ ಒಬ್ಬ ಆಳು ಪೊರಕೆ ಹಿಡಿದು ಮೇಲೆ ಹತ್ತಿದ್ದರೆ ಎರಡೂ ಬೇಕಿರಲಿಲ್ಲ. ಆದರೆ ಪೊರಕೆಗೆ ಟೆಂಡರ್ ಕರೆಯಲಾಗುವುದಿಲ್ಲ.

ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆ ನೋಡಿ. ಮುಂಗಾರಿಗೆ ಮುಂಚೆ ಮೇಲೆ ಹತ್ತಿ ಹಳೇ ಮಣ್ಣು ಕೆರೆಯುತ್ತಾರೆ. ಸವುಳು ಮಣ್ಣು ಹೇರಿಕೊಂಡು ಬಂದು ಹಾಸುತ್ತಾರೆ. ಇಳಿಜಾರು ನೋಡಿ ಬಡಿಯುತ್ತಾರೆ. ನೀರು ಹೋಗುವ ದೋಣಿ ಸರಿಮಾಡುತ್ತಾರೆ. ಅಷ್ಟು ಹೊತ್ತು ಒಲೆ ಅಂಗಳಕ್ಕೆ, ಕೂಸು ಪಕ್ಕದ ಮನೆಗೆ. ಯಾರೂ ಒಳಗೆ ಉಣ್ಣುತ್ತಾ ಕೂತು ನೆತ್ತಿಯ ಮೇಲೆ ಗುದ್ದಲಿ ಹಾಕಿಸುವುದಿಲ್ಲ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಪದವಿ ಪಡೆದವರಿಗೆ ಮಾತ್ರ ಇದು ಹೊಳೆಯುವುದಿಲ್ಲ.

ಸರ್ಕಾರಿ ಶಾಲೆಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಹತ್ತಿರ ಹತ್ತಿರ ಏಳು ವಾರ ಕಟ್ಟಡ ಖಾಲಿ. ಒಂದೆರಡು ಅಡ್ಡಮಳೆ ಬಿಟ್ಟರೆ ಆಕಾಶವೂ ಖಾಲಿ. ಆಗ ಕೆಲಸ ಆಗುವುದಿಲ್ಲ. ಆಗ ಅಂದಾಜು ಪಟ್ಟಿ ತಾಂತ್ರಿಕ ಮಂಜೂರಾತಿಗೆ ಹೋಗಿರುತ್ತದೆ. ಅದು ಬಂದಾಗ ಆಡಳಿತಾತ್ಮಕ ಅನುಮೋದನೆ ಬಂದಿರುವುದಿಲ್ಲ. ಎರಡೂ ಬಂದಮೇಲೆ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆ ಇದೆಯಲ್ಲ, ಎಲ್ಲವೂ ಪಾರದರ್ಶಕ. ಚಾವಣಿಯಂತೂ ಪೂರ್ತಿ ಪಾರದರ್ಶಕ.

ಕಾರ್ಯಾದೇಶ ಕೈಗೆ ಸಿಗುವುದು ಜೂನಿನಲ್ಲಿ. ಮಕ್ಕಳು, ಮಳೆ, ಗುತ್ತಿಗೆದಾರ ಮೂವರೂ ಒಂದೇ ವಾರ ಶಾಲೆಗೆ ಬರುತ್ತಾರೆ. ಬಂದ ಮೇಲೆ ಮೊದಲು ಭೂಮಿಪೂಜೆ. ಕೆಲಸ ಇರುವುದು ನೆತ್ತಿಯ ಮೇಲೆ, ಪೂಜೆ ಭೂಮಿಗೆ.

ಅಂಥದ್ದೊಂದು ಶಾಲೆಯ ಒಳಗೆ ನಿಂತಿದ್ದೆ. ಮೇಲೆ ಹಾರೆ ಹಾಕಿ ಹಳೇ ಗಾರೆ ಒಡೆಯುತ್ತಿದ್ದರು. ಕೆಳಗೆ ಹದಿನೇಳರ ಮಗ್ಗಿ ನಡೆದಿತ್ತು. ಏಟು ಬಿದ್ದಾಗ ಮಗ್ಗಿ ನಿಲ್ಲುತ್ತಿತ್ತು, ಧೂಳು ಇಳಿದ ಮೇಲೆ ಮುಂದುವರಿಯುತ್ತಿತ್ತು. ಬಿಸಿಯೂಟದ ಸಾಂಬಾರಿನ ಪಾತ್ರೆಗೆ ತಟ್ಟೆ ಒತ್ತಿಹಿಡಿಯಲು ಒಬ್ಬ ಹುಡುಗಿಯನ್ನು ಕೂರಿಸಿದ್ದರು. ಸಾಂಬಾರಿಗೆ ಧೂಳು ಬೀಳಬಾರದು. ಹುಡುಗಿಗೆ ಬೀಳಬಹುದು.

‘ಕೆಲಸ ಮುಗಿಯೋತನಕ ಬೇರೆ ಕಡೆ ಕೂರಿಸಬಾರದೇನ್ರೀ?’ ಎಂದೆ.

‘ಎಲ್ಲಿ ಕೂರಿಸೋದ್ರಿ ಸಾರ್? ಸಮುದಾಯ ಭವನದಾಗ ಮದುವಿ ಐತಿ,’ ಎಂದರು ಮೇಷ್ಟ್ರು.

ಭವನ ರಸ್ತೆಯಾಚೆಗೇ ಇತ್ತು. ಅದರ ಚಾವಣಿ ಗಟ್ಟಿಮುಟ್ಟಾಗಿತ್ತು.

ನಲಿ-ಕಲಿ ಎಂದರೆ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ. ಶಿಕ್ಷಣ ತಜ್ಞರು ಕೂತು ಯೋಚಿಸಿ ಮಾಡಿದ ಪದ್ಧತಿ. ಸೋರುವ ಕೋಣೆಗೆ ಬೀಗ ಬಿದ್ದ ಮೇಲೆ ಒಂದರಿಂದ ಏಳು ಒಟ್ಟಿಗೆ. ಇದನ್ನು ಯಾವ ತಜ್ಞರೂ ಯೋಚಿಸಿಲ್ಲ. ತಾನಾಗಿಯೇ ಜಾರಿಗೆ ಬಂದಿದೆ.

2025ರ ಬಜೆಟ್ ಅಧಿವೇಶನದಲ್ಲಿ ಶಾಸಕರು ಮಧ್ಯಾಹ್ನ ಊಟವಾದ ಮೇಲೆ ಒರಗಲೆಂದು ವಿಧಾನಸೌಧಕ್ಕೆ ಒರಗುಕುರ್ಚಿಗಳನ್ನು ಬಾಡಿಗೆಗೆ ತಂದರು. ಉಂಡ ಮೇಲೆ ನಿದ್ದೆ ಸಹಜ. ನಮ್ಮ ಮಕ್ಕಳೂ ಬಿಸಿಯೂಟ ಉಣ್ಣುತ್ತಾರೆ. ಒರಗುವ ಧೈರ್ಯ ಮಾತ್ರ ಮಾಡುವುದಿಲ್ಲ. ಒರಗಿದರೆ ಮುಖ ಮೇಲಕ್ಕಾಗುತ್ತದೆ.

ಹಣ ಇಲ್ಲ ಎನ್ನಬೇಡಿ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿದೆ. 2023-24ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಎಂದು ಬಜೆಟ್ಟಿನಲ್ಲಿ ಓದಿದರು, ಮೇಜು ಕುಟ್ಟಿದರು. ಅದಕ್ಕೂ ಮೊದಲು, 2019ರಲ್ಲಿ, ಪ್ರದೇಶದ ಹೆಸರಿನಲ್ಲಿದ್ದ ‘ಹೈದರಾಬಾದ್’ ತೆಗೆದು ‘ಕಲ್ಯಾಣ’ ಕೂರಿಸಿದರು. ಸರ್ಕಾರ ಹೇಳಿದ ವೇಳೆಗೆ ಮುಗಿಸಿದ ದುರಸ್ತಿ ನಾನು ಕಂಡಂತೆ ಅದೊಂದೇ.

ಹರಪನಹಳ್ಳಿ ತಾಲ್ಲೂಕಿನ ಪಾಡು ಇನ್ನೂ ಚೆಂದ. 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಬದಲಾದಾಗಲೆಲ್ಲ ಕಡತ ಗಂಟು ಕಟ್ಟಿಕೊಂಡು ಬಸ್ ಹತ್ತಿತು. ಲೋಕಸಭೆಗೆ ಮಾತ್ರ ಈಗಲೂ ದಾವಣಗೆರೆಯೇ. ಹೀಗಾಗಿ ಜಿಲ್ಲಾಧಿಕಾರಿಗೆ ಮನವಿ ಕೊಡಲು ಹೊಸಪೇಟೆ, ಸಂಸದರನ್ನು ಹುಡುಕಲು ದಾವಣಗೆರೆ, ಮಂಡಳಿಯ ಅನುದಾನಕ್ಕೆ ಕಲಬುರಗಿ. ಸೋರುವುದು ಮಾತ್ರ ಇದ್ದಲ್ಲೇ.

2022ರ ನವೆಂಬರ್ ನೆನಪಿದೆಯೇ? ‘ವಿವೇಕ’ ಯೋಜನೆಯಲ್ಲಿ 7,601 ಕೊಠಡಿ ಕಟ್ಟುತ್ತೇವೆ, ಕೇಸರಿ ಬಣ್ಣ ಹೊಡೆಸುತ್ತೇವೆ ಎಂದರು. ಸರಿ, ಇಡೀ ರಾಜ್ಯ ಗೋಡೆ ನೋಡಲು ನಿಂತಿತು. ವಿರೋಧಿಗಳು ಛೀ ಎಂದರು. ಆಗಿನ ಮುಖ್ಯಮಂತ್ರಿಗಳು ರಾಷ್ಟ್ರಧ್ವಜದಲ್ಲೂ ಕೇಸರಿ ಇದೆಯಲ್ಲ ಎಂದರು. ವಾರಗಟ್ಟಲೆ ಕಿತ್ತಾಟ. ಒಬ್ಬನಾದರೂ ಕತ್ತೆತ್ತಿ ಮೇಲೆ ನೋಡಿದ್ದರೆ ಕೇಳಿ. ಚಾವಣಿಗೆ ಪಕ್ಷವಿಲ್ಲ, ಅದಕ್ಕೇ ಅದಕ್ಕೆ ಯಾರೂ ಇಲ್ಲ.

ಚುನಾವಣೆ ಬಂದರೆ ಮಾತ್ರ ಇದೇ ಕೋಣೆ ಮತಗಟ್ಟೆ. ದಿಢೀರನೆ ರ‍್ಯಾಂಪ್, ದಿಢೀರನೆ ದೀಪ, ದಿಢೀರನೆ ಕುಡಿಯುವ ನೀರು. 2024ರ ಮೇ 7ರಂದು ಇದೇ ಕೋಣೆಗಳಲ್ಲಿ ಮತದಾನ ನಡೆಯಿತು. ಮತಯಂತ್ರ ಒಂದು ದಿನ ಕೂರುವ ಕೋಣೆಗೆ ಎಷ್ಟು ಕಾಳಜಿ! ಮಗು ಏಳು ವರ್ಷ ಕೂರುತ್ತದೆ. ಮಗುವಿಗೆ ಮತವಿಲ್ಲ.

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಸತ್ತರು. ಮೇಲಿಂದ ಕಲ್ಲು ಉದುರುತ್ತಿದೆ ಎಂದು ಮೊದಲೇ ಹೇಳಿದ್ದೆವು ಎಂದರು ಬದುಕಿದ ಮಕ್ಕಳು. ಮರುದಿನವೇ ಕೇಂದ್ರದಿಂದ ಎಲ್ಲ ರಾಜ್ಯಗಳಿಗೆ ಆದೇಶ: ಶಾಲೆಗಳ ಸುರಕ್ಷತೆ ತಪಾಸಣೆ ಮಾಡಿ. ಮಕ್ಕಳ ಮಾತು ದಿಲ್ಲಿಗೆ ಕೇಳಿಸಲು ಅಷ್ಟಾಗಬೇಕಾಯಿತು.

ತಪಾಸಣೆ ಹೇಗಿರುತ್ತದೆಂದು ಬಲ್ಲೆವು. ಜೀಪು ಬರುತ್ತದೆ. ಎಂಜಿನಿಯರ್ ಸಾಹೇಬರು ಬಾಗಿಲಲ್ಲೇ ನಿಂತು ಮೇಲೆ ನೋಡುತ್ತಾರೆ. ‘ಬಳಕೆಗೆ ಯೋಗ್ಯವಲ್ಲ’ ಎಂದು ಬರೆಯುತ್ತಾರೆ. ಒಳಗೆ ಕಾಲಿಡುವುದಿಲ್ಲ, ಅವರಿಗೆ ಬುದ್ಧಿ ಇದೆ. ಮುಖ್ಯ ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿದು ಹೊರಡುತ್ತಾರೆ. ಮರುದಿನ ಬಳಕೆಗೆ ಯೋಗ್ಯವಲ್ಲದ ಅದೇ ಕೋಣೆಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಾರೆ.

ಇಷ್ಟೆಲ್ಲ ಆಗಿ ಅಪ್ಪಿತಪ್ಪಿ ಕೆಲಸ ಮುಗಿಯಿತೆನ್ನಿ. ಹೊಸ ಗಾರೆ, ಹೊಸ ಇಳಿಜಾರು, ಮೇಲೆ ನೀರು ತಡೆಯುವ ಲೇಪ. ಗೋಡೆಗೆ ಫಲಕ, ಫಲಕದಲ್ಲಿ ಹನ್ನೊಂದು ಹೆಸರು. ಮುಂದಿನ ತಿಂಗಳು ಇನ್ನೊಂದು ಇಲಾಖೆ ನೀರಿನ ಟ್ಯಾಂಕ್ ಕೂರಿಸಲು ಮೇಲೆ ಹತ್ತಿ ನಾಲ್ಕು ತೂತು ಕೊರೆಯುತ್ತದೆ. ಮತ್ತೆ ಸೋರಿದರೆ ಗುತ್ತಿಗೆದಾರ ತೂತು ತೋರಿಸುತ್ತಾನೆ, ಆ ಇಲಾಖೆ ಗಾರೆ ತೋರಿಸುತ್ತದೆ, ಈ ಇಲಾಖೆ ಹೊಸ ಅಂದಾಜು ಪಟ್ಟಿ ತಯಾರಿಸುತ್ತದೆ. ಈ ಸಲ ಪಕ್ಕದ ಕೋಣೆಯನ್ನೂ ಸೇರಿಸಿ.