ಖಾಲಿ ಶೆಡ್ಡಿಗೆ ಬಿಸಿ: ಒಂದು ಬಹಿರಂಗ ಪತ್ರ

ಗೆ: ಮುಂದಿನ ಪ್ರೋತ್ಸಾಹಧನ ಯೋಜನೆಯ ಕರಡು ಬರೆಯುತ್ತಿರುವ ಅಧಿಕಾರಿ ಮಹಾಶಯರಿಗೆ
ವಿಷಯ: ಫಲಾನುಭವಿಗಳಿಗೂ ಲೆಕ್ಕ ಬರುತ್ತದೆ ಎಂಬ ಅಂಶವನ್ನು ಗಮನಕ್ಕೆ ತರುವ ಕುರಿತು

ಮಾನ್ಯರೇ,

ಉತ್ತರ ಐರ್ಲೆಂಡಿನ ಸರ್ಕಾರ 2012ರ ನವೆಂಬರಿನಲ್ಲಿ ಒಂದು ಸದುದ್ದೇಶದ ಯೋಜನೆ ತಂದಿತು. ಎಣ್ಣೆ ಬಿಟ್ಟು ಮರದ ಪೆಲೆಟ್ ಉರಿಸುವ ಬಾಯ್ಲರ್ ಹಾಕಿಸಿದ ಕೋಳಿ ಫಾರಂ, ಹೋಟೆಲು, ಕಾರ್ಖಾನೆಗಳಿಗೆ ಪ್ರತಿ ಯೂನಿಟ್ ಶಾಖಕ್ಕೂ ಇಪ್ಪತ್ತು ವರ್ಷ ಹಣ. 20ರಿಂದ 100 ಕಿಲೋವ್ಯಾಟ್‌ವರೆಗಿನ ಬಾಯ್ಲರಿಗೆ ಯೂನಿಟ್ಟಿಗೆ 5.9 ಪೆನ್ಸ್ ನಿಗದಿಯಾಯಿತು. ಪೆಲೆಟ್‌ನ ಖರ್ಚು ಸುಮಾರು 4.4 ಪೆನ್ಸ್. ಸುಟ್ಟಷ್ಟೂ ಲಾಭ, ಶಾಖ ಯಾರಿಗಾದರೂ ಬೇಕಿತ್ತೇ ಎಂಬುದು ಅರ್ಜಿ ನಮೂನೆಗೆ ಸಂಬಂಧಪಟ್ಟ ವಿಷಯವಾಗಿರಲಿಲ್ಲ.

ಬ್ರಿಟನ್‌ನಲ್ಲಿ ಇಂಥದೇ ಯೋಜನೆ ಒಂದು ವರ್ಷ ಮೊದಲೇ ಜಾರಿಯಾಗಿತ್ತು. ಅಲ್ಲಿ ಬಾಯ್ಲರ್ ವರ್ಷಕ್ಕೆ 1,314 ಗಂಟೆ ಉರಿದ ಮೇಲೆ ದರ ತೀರಾ ಇಳಿಯುತ್ತಿತ್ತು. ಉತ್ತರ ಐರ್ಲೆಂಡಿನವರು ಆ ನಿಯಮಾವಳಿಯ ಬಹುಪಾಲನ್ನು ಎತ್ತಿಕೊಂಡರು, ಈ ಒಂದು ಕಲಮನ್ನು ಬಿಟ್ಟು. ನಕಲು ಹೊಡೆಯುವುದಕ್ಕೂ ಶ್ರದ್ಧೆ ಬೇಕು.

ಜನ ಕಿಟಕಿ ತೆರೆದಿಟ್ಟೇ ಬಾಯ್ಲರ್ ಉರಿಸುತ್ತಿದ್ದಾರೆಂದು ಉದ್ಯಮಿಯೊಬ್ಬರು 2013ರಲ್ಲೇ ಇಲಾಖೆಗೆ ತಿಳಿಸಿದರು. ಜನ ಹಾಗೆಲ್ಲ ಮಾಡಲಾರರು ಎಂಬ ವಿಶ್ವಾಸ ಇಲಾಖೆಗಿತ್ತು. ನಾಗರಿಕರ ಮೇಲೆ ಇಷ್ಟು ನಂಬಿಕೆಯಿಡುವ ಕಚೇರಿ ಅಪರೂಪ. ಖಾಲಿ ಶೆಡ್ಡನ್ನು ಬಿಸಿ ಮಾಡಿ ಲಕ್ಷಗಟ್ಟಲೆ ಪೌಂಡ್ ಎಣಿಸುವ ರೈತನ ಬಗ್ಗೆ ಅನಾಮಧೇಯ ದೂರು ಬಂದದ್ದು ಆಮೇಲೆ. ಬಿಲ್ಲು ಲಂಡನ್ನಿನ ಖಜಾನೆಯ ಪಾಲಿಗೆ ಎಂಬ ಭಾವನೆಯೂ ನಿದ್ದೆಗೆ ನೆರವಾಗಿತ್ತು. 2015ರಲ್ಲಿ ದರ ಕಡಿತದ ಸುದ್ದಿ ಹೊರಬಿತ್ತು, ಕಡಿತ ಮಾತ್ರ ತಡವಾಯಿತು. ಕಡಿತಕ್ಕೆ ಮುಂಚಿನ ಮೂರು ತಿಂಗಳಲ್ಲೇ 900ಕ್ಕೂ ಹೆಚ್ಚು ಅರ್ಜಿ ಬಿದ್ದವು. 2016ರ ಫೆಬ್ರುವರಿಯಲ್ಲಿ ಯೋಜನೆ ಬಾಗಿಲು ಮುಚ್ಚಿತು, ಹೆಚ್ಚುವರಿ ಹೊರೆಯ ಅಂದಾಜು ಆಮೇಲೆ 49 ಕೋಟಿ ಪೌಂಡ್‌ವರೆಗೂ ಏರಿತು. ಮುಂದಿನ ಜನವರಿಯಲ್ಲಿ ಇದೇ ವಿಷಯಕ್ಕೆ ಉಪ ಪ್ರಥಮ ಸಚಿವ ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು, ಮೂರು ವರ್ಷ ಹೊಸದು ಬರಲಿಲ್ಲ.

ಇದರಲ್ಲಿ ಹೊಸತೇನಿಲ್ಲ. 1902ರಲ್ಲಿ ಹನೋಯ್‌ನ ಫ್ರೆಂಚ್ ಆಡಳಿತ ಇಲಿಯ ಬಾಲಕ್ಕೆ ಬಹುಮಾನ ಘೋಷಿಸಿತು. ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡತೊಡಗಿದವು, ಹೊರವಲಯದಲ್ಲಿ ಇಲಿ ಸಾಕಣೆ ಶುರುವಾಯಿತು.

ತಡೆಯುವ ದಾರಿಗಳು ಗುಟ್ಟಿನವಲ್ಲ. ಸಹಾಯಧನ ಖರ್ಚಿಗಿಂತ ಕಡಿಮೆ ಇರಬೇಕು, ಒಟ್ಟು ಮೊತ್ತಕ್ಕೆ ಮಿತಿ ಬೇಕು, ಮಾರುಕಟ್ಟೆಯ ಬೆಲೆ ಬದಲಾದರೆ ದರವನ್ನೂ ಬದಲಿಸುವ ಅಧಿಕಾರ ಆದೇಶದಲ್ಲೇ ಇರಬೇಕು. ಬಾಲಕ್ಕಲ್ಲ, ಇಲಿ ಕಡಿಮೆಯಾದದ್ದಕ್ಕೆ ದುಡ್ಡು ಕೊಡಬೇಕು; ಇದು ಅಳೆಯಲು ಕಷ್ಟ, ಅದಕ್ಕೇ ಇಲಾಖೆಗಳಿಗೆ ಬಾಲವೇ ಇಷ್ಟ.

ಬಾಯ್ಲರ್ ಯೋಜನೆಯ ಬಗ್ಗೆ ನ್ಯಾಯಮೂರ್ತಿ ಪ್ಯಾಟ್ರಿಕ್ ಕಾಗ್ಲಿನ್ ನಡೆಸಿದ ವಿಚಾರಣೆಯ ವರದಿ 2020ರ ಮಾರ್ಚಿನಲ್ಲಿ ಬಂತು. ಸಚಿವರ, ಅಧಿಕಾರಿಗಳ ಭ್ರಷ್ಟಾಚಾರ ಈ ಅನಾಹುತಕ್ಕೆ ಕಾರಣವಲ್ಲ ಎಂದಿತು. ಸಾಕಷ್ಟು ಹಣ ನಿಯಮದ ಪ್ರಕಾರವೇ ಹೋಗಿತ್ತು. ಆದಕಾರಣ, ಮುಂದಿನ ಕರಡಿಗೆ ಸಹಿ ಬೀಳುವ ಮುನ್ನ ಅದನ್ನೊಬ್ಬ ಕೋಳಿ ಫಾರಂ ಮಾಲೀಕರ ಕೈಗಿತ್ತು, ಇದರಲ್ಲಿ ದುಡ್ಡು ಮಾಡುವುದು ಹೇಗೆ ಎಂದು ವಿಚಾರಿಸಿ, ಉತ್ತರವನ್ನು ಕಡತದಲ್ಲಿ ಲಗತ್ತಿಸಬೇಕೆಂದು ಈ ಮೂಲಕ ಕೋರಲಾಗಿದೆ.