ಬಿಟ್ಟಿ ಸಿಗುವ ವೇಗ ಯಾರಿಗೂ ಬೇಡ

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬಂದು, ಅಪ್ಪನ ಎದುರೇ "ಗೇಮ್ ಆಡೋಕೆ" ಎಂದು ನಿಜ ಹೇಳಿದ ಮಗ ಇನ್ನೂ ಹುಟ್ಟಬೇಕಷ್ಟೆ. ಒಬ್ಬನಿಗೆ ಇಂಜಿನಿಯರಿಂಗ್ ಪ್ರಾಜೆಕ್ಟ್, ಇನ್ನೊಬ್ಬನಿಗೆ ವಿಡಿಯೊ ಎಡಿಟಿಂಗ್, ಈಚಿನವರಿಗೆ ಎಐ ಕಲಿಯುವ ಹಂಬಲ. ಅಂಗಡಿಯವನಿಗೆ ಎಲ್ಲ ಗೊತ್ತು. ಆದರೆ ದುಡ್ಡು ಎಣಿಸಬೇಕಾದವರು ಅಪ್ಪ, ಹಾಗಾಗಿ ಅವನೂ ಗಂಭೀರವಾಗಿ ತಲೆಯಾಡಿಸುತ್ತಾನೆ.

"ಇದರೊಳಗೆ ಯಾಕೋ ಇಷ್ಟೊಂದು ಬಣ್ಣದ ಲೈಟು?"

"ಕೂಲಿಂಗಿಗೆ ಅಪ್ಪಾ."

"ಈಗ ಎಲ್ಲಾ ಹಿಂಗೇ ಬರೋದು ಸಾರ್," ಎಂದು ಅಂಗಡಿಯವನು ಆ ಸುಳ್ಳಿಗೆ ಜಾಮೀನು ನಿಲ್ಲುತ್ತಾನೆ.

ಇಷ್ಟು ಮುತುವರ್ಜಿಯಿಂದ ಅಸೆಂಬಲ್ ಮಾಡಿಸಿದ ಸಿಸ್ಟಮ್ ಮನೆಗೆ ಬಂದ ಮೇಲೆ ಮಾಡುವ ಮೊದಲ ಕೆಲಸ, ತನ್ನನ್ನು ತಾನೇ ಅಳೆದುಕೊಳ್ಳುವುದು. ಸಿನಿಬೆಂಚ್ ಓಡಿಸಬೇಕು, ಬಂದ ಅಂಕದ ಸ್ಕ್ರೀನ್‌ಶಾಟ್ ತೆಗೆಯಬೇಕು, ವಾಟ್ಸಾಪ್ ಗುಂಪಿಗೆ ಹಾಕಬೇಕು. ಈ ಸಿನಿಬೆಂಚ್ ಎನ್ನುವುದು 'ಸಿನಿಮಾ 4ಡಿ' ಎಂಬ ತ್ರೀಡಿ ತಂತ್ರಾಂಶದ ಕೆಲಸವನ್ನು ಪ್ರೊಸೆಸರ್ ಎಷ್ಟು ಬೇಗ ಮುಗಿಸುತ್ತದೆ ಎಂದು ನೋಡುವ ಪರೀಕ್ಷೆ. ಅದರ ಅಂಕಕ್ಕಾಗಿ ನಿದ್ದೆಗೆಡುವ ಬಹುತೇಕರು ಆ ತಂತ್ರಾಂಶದ ಮುಖ ಕಂಡವರಲ್ಲ, ಕಾಣುವ ಆಸೆಯೂ ಅವರಿಗಿಲ್ಲ. ಗುಂಪಿನಲ್ಲಿ ಇನ್ನೊಬ್ಬನ ಅಂಕ ನೂರು ಜಾಸ್ತಿ ಬಂದರೆ ಮಾತ್ರ ಅವತ್ತು ಊಟ ಸೇರುವುದಿಲ್ಲ.

ಇಷ್ಟೆಲ್ಲ ಅಳೆಯುವವನ ಕಣ್ಣಿಗೆ ಬೀಳದ ಸಂಗತಿಗಳನ್ನು ನೋಡಿ. ಡಬ್ಬದ ಮೇಲೆ 6000 ಎಂದು ಬರೆದಿರುವ ಡಿಡಿಆರ್5 ರ‍್ಯಾಮ್, ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡುವವರೆಗೆ 4800ರ ಆಸುಪಾಸಿನಲ್ಲೇ ತೆವಳುತ್ತಿರುತ್ತದೆ. 144 ಹರ್ಟ್ಸ್ ಮಾನಿಟರ್ ವಿಂಡೋಸ್ ಸೆಟ್ಟಿಂಗ್‌ನಲ್ಲಿ 60ಕ್ಕೇ ನಿಂತಿರುತ್ತದೆ. ಒಡೆಯ ಮಾತ್ರ "ಒಂದ್ಸಲ 144 ನೋಡಿದ್ರೆ ಹಿಂದಕ್ಕೆ ಹೋಗೋಕಾಗಲ್ಲ ಗುರು" ಎಂದು ಕಂಡವರಿಗೆಲ್ಲ ಉಪದೇಶ ಮಾಡುತ್ತಿರುತ್ತಾನೆ. ಕೆಲವೆಡೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೇ ಚುಚ್ಚಿಬಿಟ್ಟಿರುವುದರಿಂದ, ಸಾಲ ಮಾಡಿ ತಂದ ಗ್ರಾಫಿಕ್ಸ್ ಕಾರ್ಡು ಗಾಜಿನ ಕ್ಯಾಬಿನೆಟ್ಟಿನೊಳಗೆ ನಿರುದ್ಯೋಗಿಯಾಗಿ ಕುಳಿತಿರುತ್ತದೆ. ಹೊಸ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಪ್ರೊಸೆಸರ್ ಮೇಲೆ ಕೂರಿಸಿ, "ಈ ಕಂಪನಿ ಕೂಲರ್ ಸರಿ ಇಲ್ಲ" ಎಂದು ತೀರ್ಪು ಕೊಟ್ಟವರೂ ಉಂಟು.

ಇವನ್ನೆಲ್ಲ ಸರಿಪಡಿಸಲು ನಯಾಪೈಸೆ ಬೇಡ. ತೊಂದರೆ ಇರುವುದೇ ಅಲ್ಲಿ. ದುಡ್ಡು ಬಿಚ್ಚದೆ ಸಿಕ್ಕ ವೇಗವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಾದರೂ ಹೇಗೆ?

ಹಿಂದೆ ಹೀಗಿರಲಿಲ್ಲ. ಚಿಪ್ಪನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗ್ ಒಂದು ಕಾಲಕ್ಕೆ ಬಡವರ ಜಾಣತನವಾಗಿತ್ತು. 1998ರಲ್ಲಿ ಬಂದ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಚಿಪ್ಪನ್ನು ತಂದು, ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ, 300ರ ಚಿಪ್ಪು 450ರಲ್ಲಿ ಓಡುತ್ತಿತ್ತು. ಕಡಿಮೆ ಕಾಸಿಗೆ ದುಬಾರಿ ಪ್ರೊಸೆಸರಿನ ಕೆಲಸ. ಈಗಿನ ಲೆಕ್ಕ ತಲೆಕೆಳಗು. ಇಂಟೆಲ್‌ನಲ್ಲಾದರೆ ವೇಗ ಏರಿಸುವ ಹಕ್ಕಿಗೇ 'ಕೆ' ಅಕ್ಷರದ ಪ್ರೊಸೆಸರ್, 'ಝಡ್' ಸರಣಿಯ ಮದರ್‌ಬೋರ್ಡ್ ಎಂದು ಬೇರೆಯಾಗಿ ಕಾಸು ತೆರಬೇಕು. ಸಿಗುವುದು ನಾಲ್ಕಾರು ಶೇಕಡ. ಮಿಕ್ಕಿದ್ದನ್ನೆಲ್ಲ ಕಂಪನಿಯೇ ಮೊದಲೇ ಹಿಂಡಿ ಕಳಿಸಿರುತ್ತದೆ.

ಹಿಂಡುವುದಕ್ಕೂ ಒಂದು ಬೆಲೆ ಇದೆ. ಚಿಪ್ಪಿನ ವೇಗ ಏರಬೇಕಾದರೆ ವೋಲ್ಟೇಜ್ ಏರಬೇಕು. ವಿದ್ಯುತ್ ಖರ್ಚು ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ: ವೋಲ್ಟೇಜ್ ಶೇ 10ರಷ್ಟು ಏರಿದರೆ, ಅದೊಂದರಿಂದಲೇ ಖರ್ಚು ಶೇ 21ರಷ್ಟು ಹೆಚ್ಚು. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಕೂರಿಸುವ ಆ ಕೊನೆಯ ಚೂರು ವೇಗಕ್ಕೇ ಅತಿ ಹೆಚ್ಚು ಕರೆಂಟು ಸುರಿಯಬೇಕು. ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡಿಗೆ 575 ವ್ಯಾಟ್, ಕೋರ್ ಐ9-14900ಕೆ ಪ್ರೊಸೆಸರಿಗೆ ಕಂಪನಿಯ ಲೆಕ್ಕದಲ್ಲೇ 253 ವ್ಯಾಟ್. ಎರಡೂ ಸೇರಿ 828. ಮನೆಯ ಮಿಕ್ಸಿಗೆ 750 ವ್ಯಾಟ್ ಸಾಕು, ಅದು ಎರಡು ನಿಮಿಷದಲ್ಲಿ ಚಟ್ನಿಯನ್ನಾದರೂ ಕೊಡುತ್ತದೆ.

ಈ ಅಂಕದ ಹುಚ್ಚು ಗಿರಾಕಿಗೆ ಮಾತ್ರ ಹಿಡಿದದ್ದಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಗೇಮಿನ ನಡುವೆ ಕಾರಣವಿಲ್ಲದೆ ಕುಸಿಯತೊಡಗಿದಾಗ ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು, ವಿಂಡೋಸನ್ನು ಬೈದರು, ಫಾರ್ಮ್ಯಾಟ್ ಹೊಡೆದರು. ಮದರ್‌ಬೋರ್ಡ್ ಕಂಪನಿಗಳು ಅಂಕದ ಪೈಪೋಟಿಗೆ ಬಿದ್ದು ವಿದ್ಯುತ್ತಿನ ಮಿತಿಯನ್ನೇ ಕಿತ್ತು ಕಳಿಸಿದ್ದವು ಎಂಬುದು ಮೊದಲು ಬಯಲಾಯಿತು. ಆಮೇಲೆ, 2024ರ ಜುಲೈನಲ್ಲಿ, ಚಿಪ್ಪಿನ ಒಳಗಿನ ತಂತ್ರಾಂಶವಾದ ಮೈಕ್ರೋಕೋಡೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಇಂಟೆಲ್ಲೇ ಒಪ್ಪಿಕೊಂಡಿತು. ಆಗಸ್ಟಿನಲ್ಲಿ ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹಿಗ್ಗಿತು. ಆದರೆ ಅಷ್ಟರಲ್ಲಿ ಸವೆದುಹೋಗಿದ್ದ ಚಿಪ್ಪನ್ನು ಯಾವ ತಿದ್ದುಪಡಿಯೂ ಸರಿಮಾಡಲಾರದು. ವಿಪರ್ಯಾಸವೆಂದರೆ ಉಳಿದ ಚಿಪ್ಪುಗಳಿಗೆ ಮದ್ದಾಗಿ ಬಂದದ್ದು ಪುಕ್ಕಟೆ ಬಯೋಸ್ ಅಪ್‌ಡೇಟ್. ಅಂಕ ತುಸು ಇಳಿಯಬಹುದೆಂಬ ಭಯಕ್ಕೆ ಅದನ್ನೂ ಹಾಕಿಕೊಳ್ಳದೆ ಕೂತ ವೀರರಿದ್ದರು.

ಗ್ರಾಫಿಕ್ಸ್ ಕಾರ್ಡುಗಳೂ ಇದಕ್ಕೆ ಹೊರತಲ್ಲ. 2022ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಅದರ ಪವರ್ ಕನೆಕ್ಟರ್ ಕರಗಿದ ಚಿತ್ರಗಳು ಹರಿದಾಡಿದವು. ಕನೆಕ್ಟರನ್ನು ಪೂರ್ತಿ ಒಳಕ್ಕೆ ತಳ್ಳದಿರುವುದೇ ಮುಖ್ಯ ಕಾರಣ ಎಂದಿತು ಎನ್‌ವಿಡಿಯಾ. ಅದು ಪೂರ್ತಿ ಕೂರದಿದ್ದರೂ ಕೂತಂತೆ ಕಾಣುವ ವಿನ್ಯಾಸ ಮಾಡಿದವರು ಯಾರು ಎಂಬ ಪ್ರಶ್ನೆಗೆ, ಆಮೇಲೆ ತಿದ್ದಿದ ಕನೆಕ್ಟರ್ ತಂದದ್ದೇ ಉತ್ತರ. ಅಂತೂ 450 ವ್ಯಾಟ್ ಎಳೆಯುವ ಕಾರ್ಡಿನ ಜೀವ ಹೆಬ್ಬೆರಳಿನ ಒಂದು ಒತ್ತಿನಲ್ಲಿತ್ತು.

ಇನ್ನು ನಿರ್ವಹಣೆ. ಮೇಲೆ ಥಳುಕು, ಒಳಗೆ ಹುಳುಕು ಎಂದ ನಮ್ಮ ಹಿರಿಯರು ಆರ್‌ಜಿಬಿ ಕ್ಯಾಬಿನೆಟ್ ನೋಡಿದವರಲ್ಲ. ಆದರೂ ಇಷ್ಟು ಕರಾರುವಾಕ್ಕಾಗಿ ಹೇಳಿದ್ದಾರೆ. ನಮ್ಮಲ್ಲಿ ಸಿಸ್ಟಮ್‌ಗೆ ಸ್ನಾನ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಗಾಜನ್ನು ಫಳಫಳ ಒರೆಸಿ, ಮುಂದಿನ ಜಾಲರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಫ್ಯಾನು ಗಾಳಿ ಎಳೆದುಕೊಳ್ಳುವ ಕಡೆಗೇ ಊದುಬತ್ತಿ ಬೆಳಗುತ್ತಾರೆ. ದೇವರಿಗೆ ತಲುಪುವ ಮೊದಲೇ ಆ ಹೊಗೆ ಮದರ್‌ಬೋರ್ಡಿಗೆ ತಲುಪುತ್ತದೆ. ಆರು ತಿಂಗಳಾದ ಮೇಲೆ ಸ್ಕ್ರೂ ಬಿಚ್ಚಿದರೆ, ಹೀಟ್‌ಸಿಂಕಿನ ತಗಡುಗಳ ಸಂದಿಯಲ್ಲಿ ಬೂದು ಬಣ್ಣದ ದಪ್ಪ ಧೂಳು. ಅದರಲ್ಲಿ ಬೆಕ್ಕಿನ ಕೂದಲು, ಒಣಗಿದ ಸೇವಂತಿಗೆ ಎಸಳು, ಕೆಂಪು ಪುಡಿ, ಜಿರಲೆಯ ಒಂದು ರೆಕ್ಕೆ. ಗಾಳಿಯಾಡದೆ ಬಿಸಿಯಾದ ಪ್ರೊಸೆಸರು ಮಾದರಿಗೆ ತಕ್ಕಂತೆ 95 ಅಥವಾ 100 ಡಿಗ್ರಿಯಲ್ಲಿ ತನ್ನ ವೇಗವನ್ನು ತಾನೇ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಅದನ್ನು ನೋಡಿ ಒಡೆಯ ಹೇಳುವ ಮಾತು: "ಸಿಸ್ಟಮ್ ಹಳೇದಾಯ್ತು. ಅಪ್‌ಗ್ರೇಡ್ ಮಾಡ್ಬೇಕು."

ಒಳಗೆ ನೋಡಲೆಂದು ಗಾಜಿನ ಬಾಗಿಲು ಬಿಚ್ಚಿ ಟೈಲ್ಸ್ ನೆಲದ ಮೇಲೆ ನಿಲ್ಲಿಸುವವರದ್ದು ಬೇರೆಯೇ ಕಥೆ. ಟೆಂಪರ್ಡ್ ಗಾಜಿನ ಮೂಲೆ ಗಟ್ಟಿ ಟೈಲ್ಸಿಗೆ ತಾಗಿದರೆ ಸಾಕು, ಇಡೀ ಹಲಗೆ ಪುಡಿಪುಡಿ. ಎರಡು ಲಕ್ಷದ ಕಾರ್ಡಿಗೆ ಹೆಸರಿಲ್ಲದ ಎಸ್‌ಎಂಪಿಎಸ್ (ಪವರ್ ಸಪ್ಲೈ) ಜೋಡಿಸಿ, ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಚುಚ್ಚಿದವರ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುತ್ತದೆ. "ಪವರ್‌ಫುಲ್ ಸಿಸ್ಟಮ್ಮು, ಸ್ವಲ್ಪ ಹಂಗೇ" ಎಂಬ ಸಮಜಾಯಿಷಿಯೂ ಸಿದ್ಧವಿರುತ್ತದೆ.

ಇಷ್ಟು ನಿಷ್ಠೆಯ ಗಿರಾಕಿಗೆ ಮಾರುಕಟ್ಟೆ ಕೊಟ್ಟ ಪ್ರತಿಫಲವೇನು? 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ಕೈಗೆಟುಕದಂತಾಯಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥವರಿಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಬಿಡಿ ಗಿರಾಕಿಗಿಂತ ದೊಡ್ಡ ಗಿರಾಕಿ ಸಿಕ್ಕಿದ್ದಾನೆ, ಅಷ್ಟೇ.

ಆದ್ದರಿಂದ ಹೊಸದಕ್ಕೆ ಕಾಸು ಹೊಂದಿಸುವ ಮೊದಲು ಇರುವುದರ ಕಡೆ ಒಮ್ಮೆ ನೋಡಿ. ಸ್ವಿಚ್ ಆರಿಸಿ, ವೈರು ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರಿನಿಂದ ಧೂಳು ಹೊಡೆಯಿರಿ. ಹಿಡಿಯದಿದ್ದರೆ ಅತಿವೇಗಕ್ಕೆ ಅದರ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮತ್ತು ಕೂಲರಿನ ನಡುವೆ ವರ್ಷಗಳಿಂದ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿ. ಬಯೋಸ್‌ನಲ್ಲಿ ರ‍್ಯಾಮ್ ವೇಗ, ವಿಂಡೋಸ್‌ನಲ್ಲಿ ಮಾನಿಟರ್ ಹರ್ಟ್ಸ್ ಪರೀಕ್ಷಿಸಿ. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಕೊಂಚ ಇಳಿಸಿ ನೋಡಿ: ವೇಗ ಕೆಲವೇ ಶೇಕಡ ತಗ್ಗುತ್ತದೆ, ಬಿಸಿಯೂ ಗದ್ದಲವೂ ಎದ್ದು ಕಾಣುವಷ್ಟು ಇಳಿಯುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಕೊನೆಗೆ, ಮನೆಯವರ ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಡಿ. ಇದ್ಯಾವುದಕ್ಕೂ ಸಿನಿಬೆಂಚ್ ಅಂಕದ ಪಟ್ಟಿಯಲ್ಲಿ ಜಾಗವಿಲ್ಲ, ವಾಟ್ಸಾಪಿನಲ್ಲಿ ಯಾರೂ ಹೆಬ್ಬೆರಳು ಎತ್ತುವುದಿಲ್ಲ. ಆದರೂ ಮಾಡಿ. ಪೇಸ್ಟ್ ಟ್ಯೂಬಿಗೆ ಕೆಲವು ನೂರು, ಅರ್ಥಿಂಗಿಗೆ ಎಲೆಕ್ಟ್ರಿಷಿಯನ್ನನ ಕೂಲಿ. ಮಿಕ್ಕಿದ್ದಕ್ಕೆಲ್ಲ ಒಂದು ಭಾನುವಾರ ಸಾಕು.