ನರೆದಲಗ ಎದ್ದು ಮಾತಾಡಿತ್ತಲ್ರೀ ಅಕ್ಕಾರ

ಅಲ್ರೀ ಅಕ್ಕಾರ, ನೀವು ಅಂದದ್ದು ನನಗ ತಿಳೀತು. ಸಣ್ಣ ಹುಡುಗ್ರ ತಲ್ಯಾಗ ಜಾತಿ-ಪಾತಿ ಮಾತು ಯಾಕ ತುಂಬಬೇಕು, ನರಿ-ಮೊಲದ ಕಥಿ ಓದಿಕೊಂಡು ನಕ್ಕೊಂತ ಇರಲಿ ಅಂತೀರಿ. ಆದ್ರ ನಾವು ತುಂಬೋಕಿಂತ ಮೊದ್ಲ ಅದು ಹೊಕ್ಕಿರತೈತ್ರಿ. ಯಾರ ಮನಿ ಒಳಗ ಹೋಗಬೇಕು, ಯಾರ ಮನಿ ನೀರು ಕುಡೀಬಾರದು ಅನ್ನೋದನ್ನ ಐದು ವರ್ಷದ ಕೂಸು ದೊಡ್ಡೋರ ಮಾರಿ ನೋಡೇ ಕಲ್ತಿರತೈತಿ. ಅದು ತಪ್ಪು ಅಂತ ಹೇಳೋ ಪುಸ್ತಕ ಮಾತ್ರ ಅದರ ಕೈಗೆ ಸಿಕ್ಕಿರಂಗಿಲ್ಲ.

ಇದೇನು ಹೊಸಾ ಪದ್ಧತೀನೂ ಅಲ್ಲ. ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಾಗ ಹುಟ್ಟಿದ ಕನಕದಾಸರು 16ನೇ ಶತಮಾನದಾಗ ‘ರಾಮಧಾನ್ಯ ಚರಿತೆ’ ಬರದ್ರು. ಲಂಕಾದಿಂದ ತಿರುಗಿ ಬರೋ ರಾಮನ ಮುಂದ ಧಾನ್ಯ ಎಲ್ಲಾ ತಂದಿಡತಾರ, ಇದರಾಗ ಯಾವುದು ಶ್ರೇಷ್ಠ ಅನ್ನೋ ಮಾತು ಬರತೈತಿ. ಭತ್ತ ತಾನ ದೊಡ್ಡದು ಅಂತ ನರೆದಲಗನ್ನ ಹೀಯಾಳಸತೈತಿ. ನರೆದಲಗ ಅಂದ್ರ ರಾಗಿರೀ. ಅದು ಸುಮ್ನ ಕುಂಡರಲಿಲ್ಲ. ನೀ ಉಳ್ಳವರ ಎಲಿಗೆ ಬೀಳಾಂವ, ಬರಗಾಲದಾಗ ಬಡವರ ಜೀವ ಹಿಡಿಯೋದು ನಾನು ಅಂತ ವಾದಕ್ಕ ನಿಂತಿತು. ರಾಮ ಎರಡನ್ನೂ ಆರು ತಿಂಗಳು ಸೆರಿಯಾಗ ಇಡಿಸಿದ. ತಗದು ನೋಡಿದ್ರ ಭತ್ತ ಸೊರಗಿತ್ತು, ರಾಗಿ ಗಟ್ಟಿ ಉಳಿದಿತ್ತು. ಅದಕ್ಕ ರಾಘವ ಅನ್ನೋ ತನ್ನ ಹೆಸರನ್ನೇ ಕೊಟ್ಟ.

ಈ ಕಥಿ ಹೇಳೋವಾಗ ನಾವು ಕಡೀ ತೀರ್ಪಿಗೆ ಓಡಿಬಿಡತೇವಿ. ನನಗ ಬೇಕಾದದ್ದು ಅದಕ್ಕಿಂತ ಮೊದಲಿನ ಜಗಳ. ತುಂಬಿದ ಸಭಾದಾಗ ಕೀಳು ಅನ್ನಿಸಿಕೊಂಡ ಕಾಳು ತನ್ನ ಪರವಾಗಿ ತಾನ ಮಾತಾಡಿತು ನೋಡ್ರಿ, ಅದು. ಬಡ ಹುಡುಗ ಅತ್ತ, ಸಾಹುಕಾರ ಮರುಗಿ ಅಂಗಿ ಕೊಡಿಸಿದ ಅನ್ನೋ ಕಥಿ ಬೇಕಾದಷ್ಟು ಅದಾವು. ಅದರಾಗ ಹುಡುಗನ ಮಾತೇ ಇರಂಗಿಲ್ಲ.

ಹಂಗ ತಮ್ಮ ಮಾತು ತಾವ ಹೇಳಿದವರು ನಮ್ಮ ಕಡೆನೂ ಅದಾರ. ಹಾನಗಲ್ಲ ಅಂದ್ರ ನಿಮಗ ಮಾವಿನಹಣ್ಣು ನೆನಪಾಗತೈತಿ, ನನಗ ಗಾಯಕಿ ಗಂಗೂಬಾಯಿ ಹಾನಗಲ್. 1913ರಾಗ ಧಾರವಾಡದಾಗ ಹುಟ್ಟಿದವ್ರು. ಸಣ್ಣವ್ರಿದ್ದಾಗ ಉಳ್ಳವರ ತೋಟಕ್ಕ ಮಾವಿನಹಣ್ಣಿಗೆ ಹೋಗಿ ಬೈಸಿಕೊಂಡದ್ದನ್ನ ತಾವೇ ಹೇಳಿಕೊಂಡಾರ. ಹಣ್ಣಿಗಿಂತ ಆ ಮನಿಯವರಿಗೆ ಹೆಚ್ಚು ಸಿಟ್ಟು ಬಂದದ್ದು ಹಾಡೋಳ ಮಗಳು ತೋಟದಾಗ ಕಾಲಿಟ್ಟದ್ದಕ್ಕ. ಮುಂದ ಹೆಸರು ಬಂದ ಮ್ಯಾಲೆ ಅದೇ ಮಂದಿ ಮನಿಗೆ ಕರದ್ರು. ಮಾವಿನ ಗಿಡಕ್ಕ ಕಲ್ಲು ಹೊಡದ ಯಾವ ಹುಡುಗರಿಗೆ ಈ ಕಥಿ ಬಿಡಿಸಿ ಹೇಳಬೇಕ್ರಿ?

ಹಿರೇಕೆರೂರ ಕಡೆ ಅಬಲೂರು, ಮಾಸೂರಿನವರು ಸರ್ವಜ್ಞ ನಮ್ಮವ ಅಂತ ಹೆಮ್ಮಿ ಪಡತಾರ. ಪಡಲಿ. ಅವನ ತ್ರಿಪದಿ ಬಾಯಿಪಾಠ ಮಾಡಿಸಿ ಮಾರ್ಕ್ಸ್ ಕೊಡತೇವಿ. ಕುಂಬಾರ ಮಾಳಿ ಮಗ ಅಂತಾರಲ್ಲ, ಅವನನ್ನ ಊರು ಹೆಂಗ ಕಂಡಿರಬೇಕು ಅಂತ ಹುಡುಗ್ರನ್ನ ಒಂದಿನಾರ ಕೇಳೇವೇನು?

ಅಂಬೇಡ್ಕರ್ ತಮ್ಮ ಬಾಲ್ಯದ ಒಂದು ಪ್ರಯಾಣ ಬರದಾರ. 1901ರಾಗ ಅಣ್ಣ, ಅಕ್ಕನ ಮಕ್ಕಳ ಜೋಡಿ ಅಪ್ಪನ್ನ ನೋಡಾಕ ಕೋರೆಗಾಂವಕ್ಕ ಹೊಂಟಿದ್ರು. ಚಲೋ ಅರಿವಿ ಹಾಕ್ಕೊಂಡ ಹುಡುಗ್ರು. ಜಾತಿ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರನ ಮಾರಿ ಬದಲಾತು. ಎರಡು ಪಟ್ಟು ಬಾಡಿಗಿ ಕೊಟ್ಟು, ಚಕ್ಕಡಿ ತಾವೇ ಹೊಡೀಬೇಕಾತು, ಚಕ್ಕಡಿಯಾಂವ ಬಾಜೂಕ ನಡಕೊಂತ ಬಂದ. ಬುತ್ತಿ ಇತ್ತು, ಕುಡಿಯಾಕ ನೀರು ಸಿಗಲಿಲ್ಲ, ಹಸಿದ ಮಲಗಿದ್ರು. ಇದನ್ನ ಓದಿದ ಕೂಸು ಮೊದ್ಲ ಕೇಳೋದು, ನೀರು ಯಾಕ ಕೊಡಲಿಲ್ಲ ಅಂತ. ಆ ಪ್ರಶ್ನೆ ಹುಟ್ಟಿದ್ರ ಪುಸ್ತಕ ತನ್ನ ಕೆಲಸ ಮಾಡಿದಂಗ.

ಹಳೇ ಕಾಲದ ಮಾತು ಅಂತೀರೇನು? 2010ರ ಜುಲೈದಾಗ ನಮ್ಮ ಸವಣೂರಾಗ, ಪುರಸಭೆ ಮುಂದ, ತಲಿಮಾರುಗಟ್ಟಲೆ ಮಲ ಹೊತ್ತ ಕುಟುಂಬದವರು ಇರೋ ಜಾಗಾ ಬಿಡಸಾಕ ಹೊಂಟಾರ ಅಂತ ಮಲಾನ ಮೈಮ್ಯಾಲೆ ಸುರುವಿಕೊಂಡು ನಿಂತ್ರು. ಬ್ಯಾರೆ ಯಾವ ಮಾತಿಗೂ ಯಾರೂ ಕಿವಿ ಕೊಡದಿದ್ದಾಗ ಅವರಿಗೆ ಉಳಿದ ಮಾತು ಅದು. ಮಲ ಹೊರೋ ಕೆಲಸಕ್ಕ ಮಂದೀನ್ನ ಹಚ್ಚಬಾರದು ಅನ್ನೋ ಹೊಸ ಕಾಯ್ದೆ ದೇಶಕ್ಕ ಬಂದದ್ದು 2013ರಾಗ. ಸವಣೂರಿನ ಎಲಿ, ಖಾರದ ಹೆಸರು ಹೇಳೋ ನಮ್ಮ ಹುಡುಗ್ರಿಗೆ ಇದೂ ಗೊತ್ತಿರಬೇಕ್ರಿ.

ಆ ಕುಟುಂಬದವರು ಇರೋ ಓಣಿಯ ಹುಡುಗಿ ಒಂದು ಕಥಿಯೊಳಗ ಬರಬೇಕು ಅಂತ ನನ್ನ ಆಸೆ. ಪಾಪ ಅನ್ನಿಸಿಕೊಳ್ಳಾಕ ಬ್ಯಾಡ. ಕುಂಟಲಿಪಿ ಆಡಲಿ, ಗೆಳತಿ ಜೋಡಿ ಜಗಳಾಡಲಿ, ಗಣಿತದಾಗ ಮುಂದಿರಲಿ, ದೂರ ಕುಂಡ್ರು ಅಂದವರಿಗೆ ನರೆದಲಗದಂಗ ತಿರುಗಿ ಮಾತಾಡಲಿ. ಅದನ್ನ ಚಲೋ ಬರೆಯೋರು ಆ ಓಣಿಯಿಂದನ ಬರತಾರ. ಅದಕ್ಕ ಮೊದ್ಲ ಅಲ್ಲಿಗೆ ಪುಸ್ತಕ ಹೋಗಬೇಕು, ಕುಂತು ಓದಾಕ ಜಾಗಾ ಬೇಕು. ಪಂಚಾಯ್ತಿ ಗ್ರಂಥಾಲಯಕ್ಕ ಎಲ್ಲಾ ಓಣಿಯ ಮಕ್ಕಳೂ ಬರೋಹಂಗ ನೋಡಿಕೊಳ್ಳೋದು ನಮ್ಮ ಕೈಯಾಗ ಐತಿ.

ನಿಮ್ಮ ಮೊಮ್ಮಗಳನ್ನ ಐತವಾರ ಕಳಸ್ರಿ, ಕನಕದಾಸರ ಕಥಿಯಿಂದ ಸುರು ಮಾಡೋಣು. ಮನಿಗೆ ಬಂದು ಏನಾರ ಕೇಳಿದ್ಲು ಅಂದ್ರ, ‘ನಿನಗ್ಯಾಕ ಬೇಕು ಅದು’ ಅನ್ನಬ್ಯಾಡ್ರಿ, ಅಷ್ಟ.